ಯಾವ ನೀರು ಅಂತ ಮೊದಲು ಕೇಳಿದ ಮೀನಂಗಡಿ

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ ಹತ್ತಿರ ಟ್ಯಾಂಕಿನಲ್ಲಿ ಸಾಕುವ ಮೀನು ಮಾರುವ ಒಂದು ಚಿಕ್ಕ ಅಂಗಡಿ ಇದೆ. ಆಫ್ರಿಕಾದ ಸರೋವರಗಳ ಬಣ್ಣದ ಮೀನು, ಆಫ್ರಿಕನ್ ಸಿಕ್ಲಿಡ್ ಬೇಕು ಅಂದೆ. ಅಂಗಡಿಯವರು ಕೇಳಿದ ಮೊದಲ ಮಾತು, "ಮನೇಲಿ ಕಾವೇರಿ ನೀರಾ, ಬೋರ್ ನೀರಾ?" ಬೋರ್ ನೀರು, ಬಕೆಟ್ಟಿಗೆಲ್ಲ ಬಿಳಿ ಕಟ್ಟುತ್ತದೆ, ಬೇಳೆ ಬೇಗ ಬೇಯುವುದಿಲ್ಲ ಅಂದೆ. ಅವರಿಗೆ ಖುಷಿ ಆಯಿತು! ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಮೀನಿಗೆ ಇಂಥ ಗಡಸು ನೀರೇ ಒಗ್ಗುವುದು, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7.8ರಿಂದ 8.6ರ ಒಳಗೆ ಇದ್ದರೆ ಸಾಕು. ಮಾರನೇ ದಿನ ಬಾಟಲಿಯಲ್ಲಿ ನೀರು ತರಿಸಿಕೊಂಡು ನನ್ನ ಎದುರಿಗೇ ಟೆಸ್ಟ್ ಮಾಡಿದರು. 8 ಬಂತು. ಆಮೇಲೆಯೇ ಮೀನು ಕೊಟ್ಟಿದ್ದು.

ಎರಡು ವರ್ಷದ ಹಿಂದೆ ಬೇರೆ ಅಂಗಡಿಯೊಂದರಲ್ಲಿ ಏನೂ ಕೇಳದೆ 'ಮಿಕ್ಸ್ ಸಿಕ್ಲಿಡ್' ಅಂತ ಹತ್ತು ಮರಿ ಕವರಿಗೆ ಹಾಕಿ ಕೊಟ್ಟಿದ್ದರು. ಅದರಲ್ಲಿ ಹಳದಿ ಮೈಗೆ ಕಪ್ಪು ಪಟ್ಟೆಯ ಎರಡು ಮರಿ ತುಂಬಾ ಚೆಂದ ಇದ್ದವು, ಮಗಳೇ ಆರಿಸಿದ್ದು. ಅವು ಔರಾಟಸ್ ಅನ್ನುವ ಜಗಳಗಂಟ ಸಿಕ್ಲಿಡ್. ಗಂಡು ಬೆಳೆಯುತ್ತಾ ಕಪ್ಪಾಯಿತು, ಇಡೀ ಟ್ಯಾಂಕ್ ತನ್ನದೇ ಅನ್ನುವ ಹಾಗೆ ಉಳಿದವನ್ನೆಲ್ಲ ಅಟ್ಟಾಡಿಸಿತು, ದಿನಾ ಬೆಳಿಗ್ಗೆ ಮಗಳು ಏಳುವ ಮೊದಲೇ ರೆಕ್ಕೆ ಹರಿದು ಸತ್ತ ಮೀನು ಎತ್ತಿ ಹಾಕಬೇಕಾಯಿತು. ಆ ಸಂಕಟ ಯಾರಿಗೂ ಬೇಡ.

ಔರಾಟಸ್ ಇವರ ಅಂಗಡಿಯಲ್ಲೂ ಇತ್ತು. ಆದರೆ ಸಾಧು ಮೀನಿನ ಜೊತೆ ಬಿಡುವವರಿಗೆ ಅದನ್ನು ಮಾರುವುದಿಲ್ಲ ಅಂದುಬಿಟ್ಟರು. ಕೊಟ್ಟಿದ್ದು ಯೆಲ್ಲೋ ಲ್ಯಾಬ್ ಅನ್ನುವ ಆರು ಹಳದಿ ಸಿಕ್ಲಿಡ್. ಅದೇ ಸರೋವರದ್ದೇ, ಆದರೆ ಇಷ್ಟು ಸಮಾಧಾನದ ಮೀನು ಆ ಗುಂಪಿನಲ್ಲಿ ಕಡಿಮೆ. ನಮ್ಮದು ನಾಲ್ಕಡಿ ಟ್ಯಾಂಕ್, ಸುಮಾರು 250 ಲೀಟರ್. ಒಳಗೆ ಕಲ್ಲು ಜೋಡಿಸುವುದನ್ನೂ ಹೇಳಿಕೊಟ್ಟರು: ಮೊದಲು ಕಲ್ಲನ್ನು ತಳಕ್ಕೆ ಕೂರಿಸಿ ಆಮೇಲೆ ಮರಳು ಹಾಕಬೇಕಂತೆ. ಮೀನು ಮರಳು ತೋಡುತ್ತವೆ, ಮರಳಿನ ಮೇಲೆ ಇಟ್ಟ ಕಲ್ಲು ಉರುಳುತ್ತದೆ, ಗಾಜು ಒಡೆದರೆ ಮುಗಿಯಿತು ಅಲ್ವಾ? ಊಟಕ್ಕೆ ಸ್ಪಿರುಲಿನಾ ಅನ್ನುವ ಪಾಚಿಯ ಕಾಳು, ಅದೂ ಸ್ವಲ್ಪ. ಜಾಸ್ತಿ ಹಾಕಿದರೆ ಹೊಟ್ಟೆ ಊದಿ ಸಾಯುತ್ತವೆ. ಡಿಸೆಂಬರ್ ಚಳಿಗೆ ಒಂದು ಹೀಟರ್ ತೆಗೆದುಕೊಂಡೆ, 25 ಡಿಗ್ರಿಗೆ ಇಟ್ಟಿದ್ದೇನೆ.

ಒಂದೇ ತಕರಾರು, ಪೀಕಾಕ್ ಅನ್ನುವ ಇನ್ನೊಂದು ಜಾತಿಯ ಸಿಕ್ಲಿಡ್ ತರಿಸಿಕೊಡುತ್ತೇನೆ ಅಂತ ಎರಡು ತಿಂಗಳಿಂದ ಹೇಳುತ್ತಲೇ ಇದ್ದಾರೆ.

ಹೋದ ವಾರ ಒಂದು ಹೆಣ್ಣು ಮೀನು ಊಟ ಬಿಟ್ಟಿತು. ಗಾಬರಿಯಾಗಿ ಫೋನ್ ಮಾಡಿದೆ. ಗಲ್ಲ ಉಬ್ಬಿದೆಯಾ ನೋಡಿ ಅಂದರು. ಉಬ್ಬಿತ್ತು. ಬಾಯಲ್ಲಿ ಮೊಟ್ಟೆ ಇಟ್ಟುಕೊಂಡಿದೆ, ಮೂರು ನಾಲ್ಕು ವಾರ ಹಾಗೇ ಇರುತ್ತದೆ, ಸುಮ್ನೆ ಬಿಡಿ ಅಂದರು. ಇವತ್ತಿಗೆ ಹನ್ನೊಂದು ದಿನ. ಮಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದಾಳೆ.