ಗಂಟೆಗೆ 300 ಕಿ.ಮೀ. ಎಂಬ ಅಂಕಿ ನೋಡಿ ಸಿಮ್ಯುಲೇಟರ್ ಮಾರ್ಗ ಕೊಳ್ಳಬೇಡಿ

ಕಂಪ್ಯೂಟರಿನಲ್ಲಿ ರೈಲು ಓಡಿಸುವ ಸಿಮ್ಯುಲೇಟರ್ ಆಟಗಳಿಗೆ ಹೆಚ್ಚುವರಿ ಮಾರ್ಗಗಳನ್ನು (ಆ್ಯಡ್‌ಆನ್) ಕೊಳ್ಳುವವರು, ಅದರಲ್ಲೂ ಅತಿವೇಗದ ಮಾರ್ಗಗಳ ಮೇಲೆ ಆಸೆಯಿಟ್ಟವರು, ಹಣ ಕಟ್ಟುವ ಮುನ್ನ ಇದನ್ನು ಓದಬೇಕೆಂದು ಕೋರುತ್ತೇನೆ. ಜರ್ಮನಿಯ ಕಲೋನ್–ಫ್ರಾಂಕ್‌ಫರ್ಟ್ ಅತಿವೇಗದ ಮಾರ್ಗದ ಆ್ಯಡ್‌ಆನ್ ಒಂದನ್ನು ನಾನು ಅದರ ತಯಾರಕರ ಜಾಲತಾಣದಿಂದಲೇ ನೇರವಾಗಿ ಕೊಂಡೆ. ಪೂರ್ಣ ಉದ್ದದ ಮಾರ್ಗ, ಗಂಟೆಗೆ 300 ಕಿ.ಮೀ. ವೇಗ, ನೈಜ ಸಿಗ್ನಲ್ ವ್ಯವಸ್ಥೆ ಎಂದು ಮಾರಾಟದ ಪುಟದಲ್ಲಿ ಬರೆದಿತ್ತು. ಮೊದಲ ಎರಡು ಮಾತು ನಿಜ. ಮೂರನೆಯದು ಸುಳ್ಳು, ಅತಿವೇಗದ ಮಾರ್ಗದಲ್ಲಿ ಆಡುವುದಕ್ಕೆ ಏನಾದರೂ ಇದ್ದರೆ ಅದು ಇರುವುದೇ ಆ ಮೂರನೆಯದರಲ್ಲಿ.

2002ರಲ್ಲಿ ತೆರೆದ ಈ ಮಾರ್ಗ ನೇರ ಹಳಿಯ ಮೇಲೆ ಸುಮ್ಮನೆ ಓಡುವ ಮಾರ್ಗವಲ್ಲ. ಬಹುದೂರ ಎ3 ಹೆದ್ದಾರಿಯ ಮಗ್ಗುಲಲ್ಲೇ ಸಾಗುವ ಅದು ವೆಸ್ಟರ್‌ವಾಲ್ಡ್ ಮತ್ತು ಟೌನುಸ್ ಬೆಟ್ಟಸಾಲುಗಳನ್ನು ಹತ್ತಿ ಇಳಿಯುತ್ತದೆ, ಕೆಲವೆಡೆ ಒಂದು ಕಿಲೋಮೀಟರಿಗೆ 40 ಮೀಟರ್ ಏರು ಇದೆ. ಎಂಟು ಬೋಗಿಗಳ, 8,000 ಕಿಲೋವ್ಯಾಟ್ ಶಕ್ತಿಯ ಐಸಿಇ 3 ಎಂಬ ಜರ್ಮನಿಯ ಅತಿವೇಗದ ರೈಲು ಕೂಡ ಅಂಥ ಏರಿನಲ್ಲಿ 300ರ ವೇಗವನ್ನು ಉಳಿಸಿಕೊಳ್ಳಲಾರದು. ಏರಿನ ಬುಡಕ್ಕೆ ಬರುವಾಗ ಇದ್ದ ವೇಗವೇ ಅದನ್ನು ನೆತ್ತಿಯವರೆಗೆ ಒಯ್ಯಬೇಕು. ನಾನು ಕೊಂಡ ಆ್ಯಡ್‌ಆನ್‌ನಲ್ಲಿ ಝೀಗ್‌ಬುರ್ಗ್ ನಿಲ್ದಾಣ ದಾಟಿ ಬೆಟ್ಟ ಹತ್ತತೊಡಗಿದಾಗ ವೇಗದ ಮುಳ್ಳು 300ರಿಂದ ಕೂದಲೆಳೆಯಷ್ಟೂ ಕದಲಲಿಲ್ಲ. ಪಕ್ಕದ ನೆಲ ಏರುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು, ರೈಲಿಗೆ ಮಾತ್ರ ಅದರ ಪರಿವೆಯೇ ಇರಲಿಲ್ಲ. ಇಳಿಜಾರಿನಲ್ಲಿಯೂ ಹಾಗೆಯೇ ಆಯಿತು. ಬ್ರೇಕ್ ಹಿಡಿಯದೆ ಬಿಟ್ಟರೆ ವೇಗ ಏರಬೇಕಾದ ಕಡೆಯಲ್ಲಿಯೂ ಮುಳ್ಳು ನಿಂತಲ್ಲೇ ನಿಂತಿತ್ತು.

ಇದನ್ನಾದರೂ ಸಹಿಸಿಕೊಳ್ಳಬಹುದಿತ್ತೇನೋ, ಸಿಗ್ನಲ್ ವ್ಯವಸ್ಥೆಯ ವಿಷಯದಲ್ಲಿ ಆಗಿರುವುದನ್ನು ಸಹಿಸಲಾಗದು. ಜರ್ಮನಿಯಲ್ಲಿ ಹಳಿಯ ಪಕ್ಕದ ಮುನ್ಸೂಚನೆಯ ಸಿಗ್ನಲ್ ಸಾಮಾನ್ಯವಾಗಿ ಮುಖ್ಯ ಸಿಗ್ನಲಿಗಿಂತ 1,000 ಮೀಟರ್ ಮೊದಲು ಇರುತ್ತದೆ. 300ರ ವೇಗದಲ್ಲಿ ಅಷ್ಟು ದೂರ 12 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ, ರೈಲು ನಿಲ್ಲುವುದಕ್ಕಾದರೋ ಹಲವು ಕಿಲೋಮೀಟರ್ ಬೇಕು. ಆ ಕಾರಣಕ್ಕೆ ಅತಿವೇಗದ ಮಾರ್ಗದಲ್ಲಿ ಚಾಲಕನು ಕಿಟಕಿಯಾಚೆಯ ದೀಪವನ್ನು ನಂಬಿ ಓಡಿಸುವುದಿಲ್ಲ. ಈ ಮಾರ್ಗದಲ್ಲಿರುವ ಎಲ್‌ಝಡ್‌ಬಿ ಎಂಬ ವ್ಯವಸ್ಥೆ ಹಳಿಗಳ ನಡುವೆ ಹಾಸಿದ ತಂತಿಯ ಮೂಲಕ ಚಾಲಕ ಕೂರುವ ಕ್ಯಾಬಿಗೆ ಮೂರು ಸಂಗತಿಗಳನ್ನು ಕಳಿಸುತ್ತಿರುತ್ತದೆ: ಈಗ ಎಷ್ಟು ವೇಗದವರೆಗೆ ಹೋಗಬಹುದು, ಮುಂದೆ ಎಷ್ಟಕ್ಕೆ ಇಳಿಯಬೇಕು, ಆ ಜಾಗ ಇನ್ನೆಷ್ಟು ದೂರವಿದೆ. ಮುಂದೊಂದು ರೈಲು ನಿಧಾನವಾಗಿದ್ದರೆ, ಹಾದಿ ಬದಲಿಸಬೇಕಿದ್ದರೆ, ನಿಲ್ದಾಣ ಹತ್ತಿರವಾಗಿದ್ದರೆ ಆ ಮೂರು ಅಂಕಿಗಳೂ ಬದಲಾಗತೊಡಗುತ್ತವೆ. ಅನುಮತಿಸಿದ ವೇಗ ಇಳಿಯುತ್ತಾ ಹೋದಂತೆ ಅದರ ಕೆಳಗೇ, ತೀರಾ ಕೆಳಗೂ ಹೋಗದೆ, ಬ್ರೇಕನ್ನು ಹದವಾಗಿ ಹಿಡಿದು ಬರುವುದರಲ್ಲಿಯೇ ಈ ಓಟದ ಕೌಶಲವಿದೆ. ಹೊರಗೆ ಕಾಡು, ಸುರಂಗ, ತಡೆಗೋಡೆ ಬಿಟ್ಟು ಬೇರೇನೂ ಕಾಣದಿದ್ದರೂ ಒಳಗಿನ ಆ ಅಂಕಿಗಳು ಮನಸ್ಸನ್ನು ಹಿಡಿದು ಕೂರಿಸುತ್ತವೆ.

ಆ ಆ್ಯಡ್‌ಆನ್‌ನಲ್ಲಿ ಈ ಅಂಕಿಗಳು ಬರೀ ಚಿತ್ರ. ಮೊಂಟಾಬೌರ್ ನಿಲ್ದಾಣದಲ್ಲಿ ನಿಲ್ಲಬೇಕಾದ ಓಟವೊಂದನ್ನು ತೆಗೆದುಕೊಂಡಿದ್ದೆ. ಮುಂದಿನ ವೇಗ 300, ದೂರ 9,900 ಮೀಟರ್ ಎಂದು ಫಲಕದಲ್ಲಿ ಕಾಣುತ್ತಿದ್ದ ಅಂಕಿಗಳು ಸುರಂಗ ಹೊಕ್ಕಾಗಲೂ ಹೊರಬಂದಾಗಲೂ ಒಂದಿಷ್ಟೂ ಬದಲಾಗಲಿಲ್ಲ. ನಿಲ್ದಾಣಕ್ಕೆ ಮೂರ್ನಾಲ್ಕು ಕಿಲೋಮೀಟರ್ ಇದೆ ಎನ್ನುವಾಗ ಅನುಮತಿಸಿದ ವೇಗ ಒಮ್ಮೆಗೇ 100ಕ್ಕೆ ಬಿದ್ದು, ತುರ್ತು ಬ್ರೇಕ್ ತಾನಾಗಿಯೇ ಹತ್ತಿ, ನಿಯಮ ಮೀರಿದ್ದೀರಿ ಎಂಬ ಸಂದೇಶದೊಂದಿಗೆ ಓಟ ಮುಗಿಯಿತು. ಮತ್ತೆ ಆಡಿದಾಗಲೂ ಅದೇ ಜಾಗದಲ್ಲಿ ಅದೇ ಆಯಿತು. ಎಲ್‌ಝಡ್‌ಬಿಯನ್ನು ಆಫ್ ಮಾಡಿದರೆ ಮಾತ್ರ ಓಟ ಪೂರ್ಣಗೊಳ್ಳುತ್ತದೆ, ಆದರೆ ಹಾಗೆ ಮಾಡಿದ ಮೇಲೆ ಚಾಲಕನಿಗೆ ಉಳಿಯುವುದು ಸಿಫಾ ಪೆಡಲನ್ನು, ಅಂದರೆ ಚಾಲಕ ಎಚ್ಚರವಾಗಿದ್ದಾನೆಂದು ತಿಳಿಸುವ ಪೆಡಲನ್ನು, ಆಗಾಗ ಬಿಟ್ಟು ಒತ್ತುವ ಕೆಲಸ ಒಂದೇ. ಇಡೀ ಮಾರ್ಗದಲ್ಲಿ ಮುಂದೆ ಓಡುವ ಇನ್ನೊಂದು ರೈಲೂ ಇರಲಿಲ್ಲ.

ತಯಾರಕರಿಗೆ ವಿವರವಾಗಿ, ಫಲಕದ ಚಿತ್ರಗಳ ಸಮೇತ ಬರೆದೆ. ಮುಂದಿನ ಅಪ್‌ಡೇಟ್‌ನಲ್ಲಿ ಸರಿಯಾಗುತ್ತದೆ ಎಂದರು. ಅಪ್‌ಡೇಟ್ ಬಂದಾಗ ಅದರಲ್ಲಿ ಇದ್ದದ್ದು ರೈಲಿಗೆ ಹೊಸದೊಂದು ಬಣ್ಣ. ಹಣ ಹಿಂತಿರುಗಿಸಿ ಎಂದು ಕೇಳಿದ್ದಕ್ಕೆ, ಡೌನ್‌ಲೋಡ್ ಆದ ಸರಕಿಗೆ ಹಣ ವಾಪಸ್ ಇಲ್ಲ ಎಂಬ ಷರತ್ತನ್ನು ತೋರಿಸಿದರು. ಮಾರಾಟದ ಪುಟದಲ್ಲಿ ‘ನೈಜ ಸಿಗ್ನಲ್ ವ್ಯವಸ್ಥೆ’ ಎಂಬ ಸಾಲು ಇಂದಿಗೂ ಹಾಗೆಯೇ ಇದೆ, ನನಗೆ ಸಿಟ್ಟು ಬಂದಿರುವುದು ಹಣಕ್ಕಿಂತ ಹೆಚ್ಚಾಗಿ ಅದಕ್ಕೆ.

ನಿಜವಾದ ಅತಿವೇಗದ ರೈಲಿನಲ್ಲಿಯೂ ಚಾಲಕನಿಗೆ ಹೆಚ್ಚು ಕೆಲಸವಿರುವುದಿಲ್ಲ, ಆದ್ದರಿಂದ ಈ ಮಾರ್ಗಗಳು ಆಟದಲ್ಲಿ ಬೇಸರ ತರಿಸುವುದು ಸಹಜ ಎಂದು ಕೆಲವರು ಹೇಳುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಜಪಾನಿನ ಟೊಕಾಯಿಡೊ ಶಿಂಕಾನ್‌ಸೆನ್ ಎಂಬ ಅತಿವೇಗದ ಮಾರ್ಗದಲ್ಲಿ ಚಾಲಕನ ವೇಳಾಪಟ್ಟಿ 15 ಸೆಕೆಂಡುಗಳ ಲೆಕ್ಕದಲ್ಲಿರುತ್ತದೆ. ಟೋಕಿಯೊದಿಂದ ಶಿನ್-ಒಸಾಕಾವರೆಗಿನ 515 ಕಿ.ಮೀ. ಉದ್ದಕ್ಕೂ ಎಲ್ಲಿ ಎಷ್ಟು ವೇಗ ಹಿಡಿದರೆ ಮುಂದಿನ ನಿಲ್ದಾಣವನ್ನು ಹೊತ್ತಿಗೆ ಸರಿಯಾಗಿ ದಾಟಬಹುದು ಎಂಬ ಲೆಕ್ಕವನ್ನು ಚಾಲಕ ಮನಸ್ಸಿನಲ್ಲೇ ಹಾಕುತ್ತಿರುತ್ತಾನೆ, ಪ್ಲಾಟ್‌ಫಾರ್ಮಿನಲ್ಲಿ ಗುರುತಿಗೆ ಸರಿಯಾಗಿ ನಿಲ್ಲಿಸುತ್ತಾನೆ. ಆಟದಲ್ಲಿ ವೇಳಾಪಟ್ಟಿಯನ್ನು ನಿಮಿಷಕ್ಕೆ ದುಂಡಗೆ ಮಾಡಿ, ತಡವಾದರೂ ಬೇಗ ಬಂದರೂ ಒಂದೇ ಅಂಕ ಕೊಟ್ಟರೆ ಆ ಲೆಕ್ಕಕ್ಕೆ ಬೆಲೆಯೇ ಇರುವುದಿಲ್ಲ. ಬೇಸರ ತರುವುದು ವೇಗವಲ್ಲ, ಕೆಲಸವನ್ನು ಕಿತ್ತುಕೊಂಡಿರುವುದು.

ಹಾಗಾಗಿ ಮಾರಾಟದ ಪುಟದಲ್ಲಿ ಉದ್ದ, ವೇಗ, ಮರಗಿಡಗಳ ಅಂದ ನೋಡಿ ನಿರ್ಧರಿಸಬೇಡಿ. ಯಾರಾದರೂ ಕ್ಯಾಬಿನೊಳಗಿಂದ, ಕತ್ತರಿಸದೆ ಹಾಕಿರುವ ವೀಡಿಯೊ ಹುಡುಕಿ, ನಿಲ್ದಾಣಕ್ಕೆ ಬರುವ ಕೊನೆಯ 10 ಕಿಲೋಮೀಟರಿನಲ್ಲಿ ಫಲಕದ ಅಂಕಿಗಳು ಇಳಿಯುತ್ತವೆಯೇ ನೋಡಿ. ಅಂಥ ವೀಡಿಯೊ ಇಲ್ಲದಿದ್ದರೆ ತಯಾರಕರನ್ನೇ ಲಿಖಿತವಾಗಿ ಕೇಳಿ, ನುಣುಚಿಕೊಳ್ಳುವ ಉತ್ತರ ಬಂದರೆ ಕೊಳ್ಳುವ ಯೋಚನೆಯನ್ನೇ ಬಿಡಿ. ಸಾಧ್ಯವಿದ್ದರೆ ಸ್ಟೀಮ್‌ನಂಥ, ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿಯ ಮೂಲಕವೇ ಕೊಳ್ಳಿ. ಅಲ್ಲಿ ಆ್ಯಡ್‌ಆನ್ ಕೊಂಡ 14 ದಿನಗಳೊಳಗೆ, ಕೊಂಡ ಮೇಲೆ ಮೂಲ ಆಟವನ್ನು 2 ಗಂಟೆಗಿಂತ ಕಡಿಮೆ ಆಡಿದ್ದರೆ ಸಾಮಾನ್ಯವಾಗಿ ಹಣ ವಾಪಸ್ ಕೇಳಬಹುದು. ಆ ಎರಡು ಗಂಟೆ ಅತಿವೇಗದ ಮಾರ್ಗಕ್ಕೆ ಬಹಳ ಕಡಿಮೆ, ಏಕೆಂದರೆ ಕಲೋನ್‌ನಿಂದ ಫ್ರಾಂಕ್‌ಫರ್ಟ್‌ವರೆಗಿನ ಒಂದು ಓಟಕ್ಕೇ ಒಂದು ಗಂಟೆಗಿಂತ ಹೆಚ್ಚು ಹಿಡಿಯುತ್ತದೆ. ಮೊದಲ ದಿನವೇ ಪೂರ್ತಿ ಓಟಕ್ಕೆ ಕೂರದೆ ಝೀಗ್‌ಬುರ್ಗ್‌ನಿಂದ ಹೊರಟು ಬೆಟ್ಟ ಹತ್ತಿ ಮೊಂಟಾಬೌರ್‌ನಲ್ಲಿ ನಿಲ್ಲಿಸಿ ನೋಡಿ. ಏರಿನಲ್ಲಿ ಮುಳ್ಳು ಇಳಿಯದಿದ್ದರೆ, ನಿಲ್ದಾಣ ಹತ್ತಿರವಾದಾಗ ಮುಂದಿನ ವೇಗದ ಅಂಕಿ ಬದಲಾಗದಿದ್ದರೆ, ಅಲ್ಲಿಗೇ ಆಟ ಮುಚ್ಚಿ ಹಣ ವಾಪಸಾತಿಯ ಅರ್ಜಿ ಹಾಕಿ.