ಒಳಬದಿ ಸವೆದ ಮಂಡಿಗೆ ಅನ್‌ಲೋಡರ್ ಬ್ರೇಸ್: ಹಳೇ ಕಬಡ್ಡಿ ಆಟಗಾರನೊಬ್ಬನ ಅನುಭವ

ಮೆಡಿಕಲ್ ಸ್ಟೋರಿನಲ್ಲಿ ಮುನ್ನೂರು ರೂಪಾಯಿಗೆ ಸಿಗುವ ಎಲಾಸ್ಟಿಕ್ ನೀ ಕ್ಯಾಪ್‌ಗೂ ಇದಕ್ಕೂ ಸಂಬಂಧವಿಲ್ಲ. ಅದು ಮಂಡಿಯನ್ನು ಬೆಚ್ಚಗೆ, ಬಿಗಿಯಾಗಿ ಹಿಡಿದಿರುತ್ತದೆ, ಅಷ್ಟೇ. ಹೋದ ಮಳೆಗಾಲದಿಂದ ನಾನು ಕಟ್ಟಿಕೊಳ್ಳುತ್ತಿರುವುದು ಅನ್‌ಲೋಡರ್ ಬ್ರೇಸ್. ತೊಡೆಗೊಂದು, ಮೀನಖಂಡಕ್ಕೊಂದು ಪಟ್ಟಿ. ನಡುವೆ ಹಿಂಜ್ ಇರುವ ಅಲ್ಯುಮಿನಿಯಂ ಕಂಬಿ. ಮಂಡಿಯ ಮೇಲೆ ಓರೆಯಾಗಿ ಹಾದುಹೋಗುವ ಬೆಲ್ಟು. ಮೂರು ಕಡೆಯಿಂದ ಒತ್ತಿ, ಕೀಲಿನ ಒಳಬದಿಗೆ ಬೀಳುವ ಭಾರವನ್ನು ಸ್ವಲ್ಪ ಹೊರಬದಿಗೆ ದಾಟಿಸುತ್ತದೆ. ನಮ್ಮ ದೇಶದಲ್ಲೇ ತಯಾರಾದದ್ದು, ಐದು ಸಾವಿರದ ಆಸುಪಾಸು. ವಿದೇಶದ್ದಕ್ಕೆ ಇದರ ನಾಲ್ಕೈದು ಪಟ್ಟು ಹೇಳಿದರು, ಸುಮ್ಮನೆ ಎದ್ದುಬಂದೆ.

ಬ್ಯಾಂಕಿನ ಕಬಡ್ಡಿ ಟೀಮಿನಲ್ಲಿ ನಾನು ಲೆಫ್ಟ್ ಕಾರ್ನರ್, ಅಂದರೆ ಎಡತುದಿಯಲ್ಲಿ ನಿಂತು ರೈಡರನ್ನು ಹಿಡಿಯುವವನು. ರೈಡರ್‌ನ ಪಾದದ ಗಂಟನ್ನು ಹಿಡಿದು ನಿಲ್ಲಿಸುವ ಆಂಕಲ್ ಹೋಲ್ಡೇ ನನ್ನ ಅನ್ನ. ಊರ ಮಣ್ಣಿನಂಕಣದಲ್ಲಿ ಬರಿಗಾಲಲ್ಲಿ ಆಡಿ ಬೆಳೆದವರು ನಾವು. ಮಣ್ಣಿನಲ್ಲಿ ಮೊಣಕೈ, ಮೊಣಕಾಲಿನ ಚರ್ಮ ಕಿತ್ತುಹೋಗುತ್ತಿತ್ತು, ಆದರೆ ಪಾದ ಜಾರಿಕೊಂಡು ಹೋಗಿ ಮಂಡಿ ಉಳಿಯುತ್ತಿತ್ತು. ಮ್ಯಾಟಿನ ಮೇಲೆ ಶೂ ಕಚ್ಚಿಕೊಂಡು ನಿಲ್ಲುತ್ತದೆ, ಮೈ ಮಾತ್ರ ತಿರುಗುತ್ತದೆ. ಹಾಗೆ ತಿರುಗಿದ ಒಂದು ಸಂಜೆ ಒಳಬದಿಯ ಮೆನಿಸ್ಕಸ್, ಅಂದರೆ ಮಂಡಿಯ ಮೂಳೆಗಳ ನಡುವಿನ ಮೆತ್ತೆ, ಹರಿಯಿತು. ಹರಿದ ತುಂಡನ್ನು ಕೀಹೋಲ್ ಆಪರೇಷನ್ನಿನಲ್ಲಿ ತೆಗೆದರು. ಮುಂದಿನ ಸೀಸನ್ನಿಗೆ ಟೇಪ್ ಸುತ್ತಿ, ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ನುಂಗಿ ಮತ್ತೆ ಅಂಕಣಕ್ಕಿಳಿದೆ. ಎಲ್ಲರೂ ಹಾಗೇ ಆಡುತ್ತಿದ್ದರು. ಸ್ಪೋರ್ಟ್ಸ್ ಕೋಟಾದಲ್ಲಿ ಬಂದವನು ಟೀಮಿನಿಂದ ಹೊರಗುಳಿದರೆ ಆಫೀಸಿನಲ್ಲಿ ಮುಖ ತೋರಿಸುವುದು ಹೇಗೆ? 2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗ ನಾನಾಗಲೇ ಕ್ಯಾಷ್ ಕೌಂಟರಿನಲ್ಲಿದ್ದೆ. ಈಗಿನ ಹುಡುಗರ ಜೊತೆಗೇ ಫಿಸಿಯೋ ಓಡಾಡುವುದನ್ನು ಟೀವಿಯಲ್ಲಿ ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ, ಸುಳ್ಳೇಕೆ.

ಮೆನಿಸ್ಕಸ್ ಇಲ್ಲದ ಜಾಗದಲ್ಲಿ ಮೂಳೆ ತುದಿಗೆ ಹೊದ್ದಿರುವ ಮೃದ್ವಸ್ಥಿಯ ಮೇಲೆ ನೇರವಾಗಿ ಒತ್ತಡ ಬೀಳುತ್ತದೆ. ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಒಂದು ಕಟ್ಟು) ಅಥವಾ ಮೆನಿಸ್ಕಸ್ ಹರಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ 10ರಿಂದ 20 ವರ್ಷದೊಳಗೆ ಕೀಲು ಸವೆಯುವುದು ಎಕ್ಸ್‌ರೇಯಲ್ಲಿ ಕಾಣುತ್ತದಂತೆ. ನಾನು ಆ ಅರ್ಧದಲ್ಲಿ ಸಿಕ್ಕಿಕೊಂಡೆ. ಐವತ್ತು ತುಂಬುವ ಮೊದಲೇ ಕಾಲು ಬಿಲ್ಲಿನ ಹಾಗೆ ಹೊರಕ್ಕೆ ಬಾಗಿದೆ.

ಇನ್ನು ಬ್ರೇಸಿನ ವಿಷಯ. ಸಮತಟ್ಟು ರಸ್ತೆಯಲ್ಲಿ ನಡೆಯುವಾಗ ವ್ಯತ್ಯಾಸ ಗೊತ್ತಾಗುತ್ತದೆ, ಮೆಟ್ಟಿಲು ಇಳಿಯುವಾಗಲಂತೂ ಇನ್ನೂ ಚೆನ್ನಾಗಿ. ಸಂಜೆ ವಾಕಿಂಗ್ ಮುಗಿಸಿ ಬಂದು ಮಾತ್ರೆ ಹುಡುಕುವುದು ತಪ್ಪಿದೆ. ನನ್ನ ಮಟ್ಟಿಗೆ ದೊಡ್ಡ ಲಾಭವೇ ಅದು, ಏಕೆಂದರೆ ವರ್ಷಗಟ್ಟಲೆ ನೋವಿನ ಮಾತ್ರೆ ನುಂಗಿದರೆ ಹೊಟ್ಟೆ, ಕಿಡ್ನಿ ಎರಡಕ್ಕೂ ಏಟು.

ಬೈಯಬೇಕಾದದ್ದೂ ಇದೆ. ಕಾಲು ಗಂಟೆ ನಡೆದರೆ ಕೆಳಕ್ಕೆ ಜಾರುತ್ತದೆ. ಮೀನಖಂಡದ ಪಟ್ಟಿಯನ್ನು ಮೊದಲು ಬಿಗಿದು, ಆಮೇಲೆ ತೊಡೆಯದ್ದನ್ನು ಕಟ್ಟಿದರೆ ವಾಸಿ ಎಂದು ಫಿಸಿಯೋ ಹೇಳಿಕೊಟ್ಟರು, ಅಂಗಡಿಯವರಲ್ಲ. ಬೇಸಿಗೆಯಲ್ಲಿ ಪಟ್ಟಿಯಡಿ ಬೆವತು ಚರ್ಮ ಕೆಂಪಾಗಿ ತುರಿಸುತ್ತದೆ. ಒಳಗೊಂದು ತೆಳು ಹತ್ತಿ ಬಟ್ಟೆ ಹಾಕಿಕೊಳ್ಳಿ. ವೆಲ್ಕ್ರೋಗೆ ನೂಲು, ಕೂದಲು ಎಲ್ಲ ಅಂಟಿ ಹಿಡಿತ ಸಡಿಲವಾಗುತ್ತದೆ. ಪ್ಯಾಂಟಿನೊಳಗೆ ಹಾಕಿದರೆ ಬ್ಯಾಂಕಿಗೆ ಬಂದ ಗಿರಾಕಿಗಳು ಕಾಲು ನೋಡಿಕೊಂಡೇ ಮಾತಾಡುತ್ತಾರೆ, ಪಂಚೆಯಡಿ ಯಾರಿಗೂ ಗೊತ್ತಾಗುವುದಿಲ್ಲ. ಪಂಕ್ತಿಯಲ್ಲಿ ಚಕ್ಕಳಮಕ್ಕಳ ಕೂರುವುದು, ಕುಕ್ಕರಗಾಲಿನಲ್ಲಿ ಕೂರುವುದು ಆಗದ ಮಾತು, ಬಿಚ್ಚಿಯೇ ಕೂರಬೇಕು. ಈ ಬ್ರೇಸು ಮಾಡಿದವರು ನೆಲದ ಮೇಲೆ ಕೂತು ಉಂಡವರಲ್ಲ ಅನಿಸುತ್ತದೆ.

ಬ್ರೇಸು ಕಟ್ಟಿದೆ ಎಂದು ತೊಡೆಯ ವ್ಯಾಯಾಮ ಬಿಟ್ಟರೆ ಸ್ನಾಯು ಕರಗಿ ಮಂಡಿ ಇನ್ನಷ್ಟು ಅಲುಗಾಡುತ್ತದೆ. ನಾನು ಬೆಳಿಗ್ಗೆ ಕಾಲೆತ್ತುವ ವ್ಯಾಯಾಮ ಮಾಡಿಯೇ ಕಾಫಿ ಕುಡಿಯುವುದು. ತೂಕವನ್ನೂ ಇಳಿಸುತ್ತಿದ್ದೇನೆ, ನಿಧಾನವಾಗಿ, ಬಹಳ ನಿಧಾನವಾಗಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕೊಳ್ಳುವ ಮುಂಚೆ ನಿಂತುಕೊಂಡೇ ಎಕ್ಸ್‌ರೇ ತೆಗೆಸಿ. ಮಲಗಿ ತೆಗೆಸಿದ್ದರಲ್ಲಿ ಮೂಳೆಗಳ ನಡುವಿನ ಸಂದು ಎಷ್ಟು ಕಿರಿದಾಗಿದೆ ಎಂಬುದು ಸರಿಯಾಗಿ ಕಾಣುವುದಿಲ್ಲ. ಸವೆದ ಬದಿ ಯಾವುದು ಎಂದು ಡಾಕ್ಟರ ಹತ್ತಿರ ಬರೆಸಿಕೊಂಡು, ತೊಡೆಯ ಸುತ್ತಳತೆ ಟೇಪಿನಲ್ಲಿ ಅಳೆಸಿಯೇ ಅಂಗಡಿಗೆ ಹೋಗಿ. ನಮ್ಮ ಟೀಮಿನ ಹಳೇ ರೈಡರ್ ಒಬ್ಬ "ಎರಡು ದಿನ ಕೊಡೋ, ಹಾಕ್ಕೊಂಡು ನೋಡ್ತೀನಿ" ಎಂದು ಫೋನ್ ಮಾಡಿದ್ದ. ಅವನದು ಸವೆದಿರುವುದು ಹೊರಬದಿ. ಇದನ್ನು ಕಟ್ಟಿದರೆ ಅವನಿಗೆ ನೋವು ಜಾಸ್ತಿಯೇ ಆದೀತು, ಅದಕ್ಕೇ ಕೊಡಲಿಲ್ಲ.