ವ್ಯಾನ್ ಟಿಲ್ ಪಾಠ, ಕನ್ನಡದಲ್ಲಿ: ಶನಿವಾರದ ಒಂದು ತರಗತಿಯ ವಿಮರ್ಶೆ

ಬೆಂಗಳೂರಿನ ದಂಡು ಪ್ರದೇಶದ ಕ್ರೈಸ್ತ ಸಭೆಯೊಂದು ಶನಿವಾರ ಸಂಜೆ ನಡೆಸುವ ಅಪಾಲಜೆಟಿಕ್ಸ್ ತರಗತಿ ಕನ್ನಡದಲ್ಲಿದೆ ಎಂಬುದೇ ನಾನು ಅದಕ್ಕೆ ಸೇರಲು ಸಾಕಷ್ಟು ಕಾರಣವಾಗಿತ್ತು. ಕ್ರೈಸ್ತ ನಂಬಿಕೆಯ ಸಮರ್ಥನೆಯನ್ನು ಕುರಿತ ಗಂಭೀರ ಪಾಠಗಳು ನಮ್ಮ ನಗರದಲ್ಲಿ ಹೆಚ್ಚಾಗಿ ಇಂಗ್ಲಿಷಿನಲ್ಲೇ ನಡೆಯುತ್ತವೆ; ಕನ್ನಡ ಆರಾಧನೆಗೆ ಹೋಗುವವರ ಪಾಲಿಗೆ ಉಳಿಯುವುದು ಪ್ರಸಂಗದ ನಡುವೆ ಬಂದು ಹೋಗುವ ಎರಡು ಮಾತು. ಇಲ್ಲಿ ಬೋಧಕರು ದೇವತಾಶಾಸ್ತ್ರಜ್ಞ ಕಾರ್ನೀಲಿಯಸ್ ವ್ಯಾನ್ ಟಿಲ್ ಅವರ ‘ಪ್ರಿಸಪೊಸಿಷನಲ್’ ವಿಧಾನವನ್ನು, ಅಂದರೆ ಪ್ರತಿಯೊಬ್ಬರ ವಾದದ ಹಿಂದಿರುವ ಮೂಲ ನಂಬಿಕೆಗಳನ್ನೇ ಹಿಡಿದು ವಾದಿಸುವ ಕ್ರಮವನ್ನು, ಬುಡದಿಂದ ಕನ್ನಡದಲ್ಲೇ ಕಟ್ಟಿಕೊಡುತ್ತಾರೆ. ಶುಲ್ಕ ಹೆಚ್ಚೇನಲ್ಲ, ಟಿಪ್ಪಣಿಯ ಪುಸ್ತಿಕೆಯೂ ಚಹಾ ಬಿಸ್ಕತ್ತೂ ಅದರಲ್ಲೇ ಸೇರಿವೆ.

ಮೊದಲ ದಿನ ಬೋಧಕರು ಬಿಳಿ ಹಲಗೆಯ ಮೇಲೆ ದೊಡ್ಡದೊಂದು ವೃತ್ತವನ್ನೂ ಅದರ ಕೆಳಗೆ, ಅದಕ್ಕೆ ತಾಗದಂತೆ, ಚಿಕ್ಕದೊಂದು ವೃತ್ತವನ್ನೂ ಬರೆದು, ಮೇಲಿನದು ಸೃಷ್ಟಿಕರ್ತ, ಕೆಳಗಿನದು ಸೃಷ್ಟಿ ಎಂದರು. ವ್ಯಾನ್ ಟಿಲ್ ತಮ್ಮ ವಿದ್ಯಾರ್ಥಿಗಳಿಗೆ ಬರೆದು ತೋರಿಸುತ್ತಿದ್ದ ಚಿತ್ರವೇ ಇದು. 1895ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಹುಟ್ಟಿ, 1905ರಲ್ಲಿ ಮನೆಯವರೊಂದಿಗೆ ಅಮೆರಿಕಕ್ಕೆ ಹೋದ ಅವರು, ಫಿಲಡೆಲ್ಫಿಯದ ವೆಸ್ಟ್‌ಮಿನ್‌ಸ್ಟರ್ ಸೆಮಿನರಿಯಲ್ಲಿ ಅದು ಆರಂಭವಾದ 1929ರಿಂದಲೇ ಕಲಿಸತೊಡಗಿ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಕಲಿಸಿದರು. ಚಲನೆಯಿಂದ, ಕಾರಣದಿಂದ ಹೊರಟು ಮೆಟ್ಟಿಲು ಮೆಟ್ಟಿಲಾಗಿ ದೇವರನ್ನು ತಲುಪುವ ಮಧ್ಯಯುಗದ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಅವರ ದಾರಿ ವ್ಯಾನ್ ಟಿಲ್ ಅವರಿಗೆ ಒಪ್ಪಿಗೆಯಾಗಲಿಲ್ಲ. ದೇವರಿದ್ದಾನೋ ಇಲ್ಲವೋ ಎಂದು ಯಾವ ಪಕ್ಷಕ್ಕೂ ಸೇರದೆ ನಿಂತು ತೂಗಿ ನೋಡುವ ತಟಸ್ಥ ನೆಲವೇ ಇಲ್ಲ, ತರ್ಕ, ನೀತಿ, ವಿಜ್ಞಾನ ಇವೆಲ್ಲ ಸಾಧ್ಯವಾಗಬೇಕಾದರೆ ಸತ್ಯವೇದದ ದೇವರು ಇರಲೇಬೇಕು ಎಂಬುದು ಅವರ ವಾದ. ತಂದೆಯ ತೊಡೆಯ ಮೇಲೆ ಕುಳಿತ ಮಗುವಿಗೆ ಮಾತ್ರ ಅವನ ಕೆನ್ನೆಗೆ ಹೊಡೆಯಲು ಕೈ ಎಟುಕುತ್ತದೆ ಎಂಬ, ದೇವರನ್ನು ಅಲ್ಲಗಳೆಯುವವನೂ ಆತನನ್ನೇ ಆಧರಿಸಿದ್ದಾನೆ ಎನ್ನುವ ಅವರ ಪ್ರಸಿದ್ಧ ಹೋಲಿಕೆಯನ್ನು ಕೇಳಿ ಇಡೀ ತರಗತಿ ನಕ್ಕಿತು.

1985ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಅರ್ವೈನ್ ಆವರಣದಲ್ಲಿ ಇದೇ ವಿಧಾನದ ಪ್ರತಿಪಾದಕ ಗ್ರೆಗ್ ಬಾನ್ಸೆನ್ ಮತ್ತು ನಾಸ್ತಿಕ ಗಾರ್ಡನ್ ಸ್ಟೈನ್ ನಡುವೆ ನಡೆದ ವಾದವನ್ನು ಬಿಡಿಸಿಟ್ಟ ಪಾಠ ಇಡೀ ಸರಣಿಯಲ್ಲೇ ಮೇಲು. ತರ್ಕದ ನಿಯಮಗಳು ಭೌತವಸ್ತುಗಳೇ ಎಂದು ಬಾನ್ಸೆನ್ ಕೇಳಿದ್ದು, ಅವು ಮನುಷ್ಯರ ನಡುವಿನ ಒಪ್ಪಂದ ಎಂಬ ನಿಲುವಿಗೆ ಸ್ಟೈನ್ ಬಂದದ್ದು, ಹಾಗಾದರೆ ಒಪ್ಪಂದ ಬದಲಾದರೆ ಈ ವಾದದ ಗತಿಯೇನು ಎಂಬ ತೊಡಕು, ಇವನ್ನೆಲ್ಲ ಬೋಧಕರು ಅವಸರವಿಲ್ಲದೆ ವಿವರಿಸಿದರು. ಇದು ಸಾಧಿಸಬೇಕಾದುದನ್ನೇ ಆಧಾರವಾಗಿಟ್ಟುಕೊಳ್ಳುವ ಚಕ್ರಕ ದೋಷವಲ್ಲವೇ ಎಂಬ ಹಳೆಯ ಆಕ್ಷೇಪಕ್ಕೂ ಅವರ ಬಳಿ ಉತ್ತರವಿತ್ತು: ಅಂತಿಮ ಪ್ರಮಾಣ ಯಾವುದೇ ಇರಲಿ, ಅದನ್ನು ಇನ್ನೊಂದರಿಂದ ಸಾಧಿಸಹೊರಟರೆ ಅದು ಅಂತಿಮವಾಗಿ ಉಳಿಯುವುದಿಲ್ಲ, ಬುದ್ಧಿಯನ್ನು ನಂಬುವವನೂ ಬುದ್ಧಿಯಿಂದಲೇ ಅದನ್ನು ಸಮರ್ಥಿಸುತ್ತಾನೆ. ಇಷ್ಟನ್ನು ನಾನು ಒಪ್ಪುತ್ತೇನೆ. ಆದರೆ ದೇವತಾಶಾಸ್ತ್ರಜ್ಞ ಆರ್. ಸಿ. ಸ್ಪ್ರೌಲ್ ಮತ್ತು ಸಂಗಡಿಗರು 1984ರಲ್ಲಿ ಈ ವಿಧಾನದ ವಿರುದ್ಧ ಒಂದು ಪುಸ್ತಕವನ್ನೇ ಬರೆದಿದ್ದರೂ ಅದಕ್ಕೆ ಸಿಕ್ಕಿದ್ದು ಐದೇ ನಿಮಿಷ. ವ್ಯಾನ್ ಟಿಲ್ ಅವರಂತೆ ಸ್ಪ್ರೌಲ್ ಕೂಡ ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಪರಂಪರೆಯವರೇ ಆದ್ದರಿಂದ, ಈ ಮನೆಯೊಳಗಿನ ಜಗಳ ಹೆಚ್ಚಿನ ಸಮಯಕ್ಕೆ ಅರ್ಹವಾಗಿತ್ತು.

ತರಗತಿ ತಡವರಿಸಿದ್ದು ಹಿಂದಿನ ಸಾಲಿನಿಂದ ಬಂದ ಒಂದು ಪ್ರಶ್ನೆಗೆ. “ಬ್ರದರ್, ನಮ್ಮ ಆಫೀಸಿನಲ್ಲಿ ನಾಸ್ತಿಕರೇ ಇಲ್ಲ. ನನ್ನ ಪಕ್ಕದಲ್ಲಿ ಕೂರುವವರು ಮಾಧ್ವರು. ವೇದ ಅಪೌರುಷೇಯ, ಅದಕ್ಕೆ ಬೇರೆ ಪ್ರಮಾಣ ಬೇಕಿಲ್ಲ ಅಂತ ಅವರೂ ಹೇಳುತ್ತಾರೆ. ಅವರಿಗೆ ಏನು ಹೇಳಲಿ?” ಎಂದು ಸಹೋದರಿಯೊಬ್ಬರು ಕೇಳಿದರು. ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿಯೇಕ ದೇವರಲ್ಲಿ ಮಾತ್ರ ಏಕತೆ ಮತ್ತು ಅನೇಕತೆ ಎರಡಕ್ಕೂ ನೆಲೆಯುಂಟು ಎಂಬ ವ್ಯಾನ್ ಟಿಲ್ ಅವರ ಉತ್ತರವನ್ನು ಬೋಧಕರು ಮುಂದಿಟ್ಟರು. ಭೇದವನ್ನು ವ್ಯಾವಹಾರಿಕ, ಪರಮಾರ್ಥದಲ್ಲಿ ಸತ್ಯವಲ್ಲ ಎನ್ನುವ ಅದ್ವೈತಿಯೊಡನೆ ಈ ಮಾತು ಒಂದು ಚರ್ಚೆಯನ್ನು ಹುಟ್ಟುಹಾಕೀತು. ದೇವರು, ಜೀವ, ಜಡಗಳ ನಡುವಿನ ಪಂಚಭೇದಗಳನ್ನು ಸತ್ಯವೆಂದು ಸಾರುವ, ವಿಷ್ಣುವೊಬ್ಬನೇ ಸ್ವತಂತ್ರ, ಮಿಕ್ಕದ್ದೆಲ್ಲ ಪರತಂತ್ರ ಎನ್ನುವ ಮಾಧ್ವರ ಮುಂದೆ ಅದು ಅಷ್ಟು ಸುಲಭವಾಗಿ ನಡೆಯುವುದಿಲ್ಲ. ಹಲಗೆಯ ಮೇಲಿನ ಆ ಎರಡು ವೃತ್ತಗಳಿಗೆ ಅವರು ಸ್ವತಂತ್ರ, ಪರತಂತ್ರ ಎಂಬ ತಮ್ಮ ಹೆಸರುಗಳನ್ನೇ ಬರೆದಾರು. ವ್ಯತ್ಯಾಸ ಇರುವುದು ಬೇರೆ ಕಡೆ. ದ್ವೈತದಲ್ಲಿ ಜೀವರೂ ಪ್ರಕೃತಿಯೂ ದೇವರ ಅಧೀನವಾದರೂ ಅನಾದಿ, ಕ್ರೈಸ್ತ ಬೋಧನೆಯಲ್ಲಿ ಎಲ್ಲವೂ ಶೂನ್ಯದಿಂದ ಸೃಷ್ಟಿಯಾದದ್ದು. ಚರ್ಚೆ ಅಲ್ಲಿಂದ ಆರಂಭವಾಗಬೇಕಿತ್ತು, ಆಗಲಿಲ್ಲ.

ಇನ್ನೊಂದು ಅವಕಾಶವೂ ಕೈತಪ್ಪಿತು. ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ, ಆದ್ದರಿಂದ ರಾತ್ರಿ ಉಣ್ಣುತ್ತಿರಬೇಕು ಎಂಬ, ಕಂಡದ್ದಕ್ಕೆ ಬೇಕಾದ ಕಾಣದ್ದನ್ನು ಒಪ್ಪುವ ಮೀಮಾಂಸಾ ದರ್ಶನದವರ ಅರ್ಥಾಪತ್ತಿಗೂ, ಜರ್ಮನ್ ತತ್ವಜ್ಞಾನಿ ಕಾಂಟ್‌ನ ಮೂಲಕ ವ್ಯಾನ್ ಟಿಲ್ ಅವರಿಗೆ ಒದಗಿದ ‘ಇದಿಲ್ಲದೆ ಅದು ಸಾಧ್ಯವಿಲ್ಲ’ ಎಂಬ ವಾದಕ್ಕೂ ಹತ್ತಿರದ ನಂಟಿದೆ. ದೇವದತ್ತ ರಾತ್ರಿ ಉಣ್ಣುತ್ತಾನೆಂದು ತಿಳಿದರೂ ಯಾರ ಮನೆಯಲ್ಲಿ ಉಣ್ಣುತ್ತಾನೆ ಎಂಬುದು ಅದರಿಂದ ಗೊತ್ತಾಗುವುದಿಲ್ಲ, ಹಾಗೆಯೇ ದೇವರೊಬ್ಬ ಬೇಕೆಂದಾದರೂ ಆತ ಸತ್ಯವೇದದ ದೇವರೇ ಎಂದಾಗುವುದಿಲ್ಲ ಎನ್ನುವುದೇ ಈ ವಿಧಾನದ ಮೇಲಿರುವ ಗಟ್ಟಿಯಾದ ಆಕ್ಷೇಪ. ಕನ್ನಡದಲ್ಲಿ ಪಾಠ ಮಾಡುವವರಿಗೆ ಇಂಥ ಸಾಮಗ್ರಿ ಕೈಯಳತೆಯಲ್ಲೇ ಇರುವಾಗ ಉದಾಹರಣೆಗಳೆಲ್ಲ ಅಮೆರಿಕದ ಕಾಲೇಜುಗಳಿಂದಲೇ ಏಕೆ ಬರಬೇಕು?

ಜೋಡಿಯಾಗಿ ಕುಳಿತು ವಾದ ಮಾಡುವ ಅಭ್ಯಾಸದಲ್ಲಿ ಕೆಲವು ಯುವಕರು “ನಿಮ್ಮ ಮಾನದಂಡಕ್ಕೆ ಆಧಾರವೇನು?” ಎಂಬ ಪ್ರಶ್ನೆಯನ್ನು ಎದುರಿಗಿರುವವರ ಬಾಯಿ ಮುಚ್ಚಿಸಲಿಕ್ಕೇ ಬಳಸಿದರು. ಬೋಧಕರು ಆಟವನ್ನು ನಿಲ್ಲಿಸಿ, ಸಮರ್ಥನೆಯನ್ನು ಸಾತ್ವಿಕತ್ವದಿಂದ ಮಾಡಬೇಕೆನ್ನುವ ಪೇತ್ರನ ಮೊದಲನೆಯ ಪತ್ರದ ಮೂರನೆಯ ಅಧ್ಯಾಯವನ್ನು ಓದಿಸಿದ್ದು ನನಗೆ ಮೆಚ್ಚುಗೆಯಾಯಿತು. ಪುಸ್ತಿಕೆಯಲ್ಲಿ ಅಚ್ಚಿನ ತಪ್ಪುಗಳು ಹೇರಳವಾಗಿವೆ, ಹೆಚ್ಚಿನ ಓದಿಗೆ ಸೂಚಿಸಿದ ಪುಸ್ತಕಗಳೆಲ್ಲ ಇಂಗ್ಲಿಷಿನವು, ಫ್ಯಾನಿನ ಸದ್ದಿನಲ್ಲಿ ಹಿಂದಿನ ಸಾಲಿಗೆ ಮಾತು ಸರಿಯಾಗಿ ಕೇಳುವುದಿಲ್ಲ.

ಮುಂದಿನ ತಂಡಕ್ಕೆ ಸೇರುವವರು ರೋಮಾಪುರದವರಿಗೆ ಬರೆದ ಪತ್ರದ ಮೊದಲನೆಯ ಅಧ್ಯಾಯವನ್ನು ಓದಿಕೊಂಡು ಹೋದರೆ ಆರಂಭದ ಪಾಠಗಳು ಸಲೀಸಾಗುತ್ತವೆ. ವಾಹನ ನಿಲ್ಲಿಸಲು ಅಲ್ಲಿ ಜಾಗವಿಲ್ಲದ ಕಾರಣ ಮೆಟ್ರೊ ಅಥವಾ ಬಸ್ಸೇ ಲೇಸು, ಮತ್ತು ಪ್ರಶ್ನೋತ್ತರದ ಸಮಯ ಕೊನೆಯಲ್ಲಿರುವುದರಿಂದ ಬೇಗ ಎದ್ದು ಹೊರಡುವ ಅವಸರವಿಲ್ಲದ ದಿನವನ್ನೇ ಆರಿಸಿಕೊಳ್ಳಬೇಕು.